ಕಚೇರಿ ವೇಳೆಯಲ್ಲಿ ಕಾಣದ ಹೋರಿ

ಸ್ಮಾರಕಗಳ ರಕ್ಷಣೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಕೆಂಗೇರಿ ಉಪನಗರದ ಹಿಂದಿನ ಗುಡ್ಡದ ಬಂಡೆಗೆ ನೀವು ರಕ್ಷಣೆ ಕೊಟ್ಟಿರಿ. ಬಂಡೆಯ ಮೇಲಿದ್ದ ಹೋರಿಯ ಚಿತ್ರ ಆ ರಕ್ಷಣೆಯಿಂದಲೇ ಹಾಳಾಯಿತು. ‘ಇದನ್ನು ವಿರೂಪಗೊಳಿಸುವುದು ಶಿಕ್ಷಾರ್ಹ ಅಪರಾಧ’ ಎಂಬ ಫಲಕದ ಎರಡು ಕಬ್ಬಿಣದ ಕಾಲುಗಳಲ್ಲಿ ಒಂದು ಹೋರಿಯ ಡುಬ್ಬದಲ್ಲಿದೆ, ಇನ್ನೊಂದು ಹೊಟ್ಟೆಯಲ್ಲಿದೆ. ಫಲಕದ ಪ್ರಕಾರ ಈಗ ಅಪರಾಧಿ ಯಾರು?

ರಕ್ಷಣೆ ಕೋರಿ ನಿಮಗೆ ಅರ್ಜಿ ಬರೆದವಳು ನನ್ನ ಹೆಂಡತಿ ಶೈಲಾ. ಒಂದು ಮಧ್ಯಾಹ್ನ ಡ್ರಿಲ್ಲಿಂಗ್ ಸದ್ದು ಕೇಳಿ ನಾವಿಬ್ಬರೂ ಗುಡ್ಡ ಹತ್ತಿದೆವು. ಕೆಲಸಕ್ಕೆ ಬಂದಿದ್ದ ಸಿದ್ದೇಶ್ ಆಗಲೇ ಎರಡನೇ ತೂತು ಮುಗಿಸುತ್ತಿದ್ದ.

“ಏನಪ್ಪಾ, ಹೋರಿ ಮೇಲೇ ಕೊರೀತಾ ಇದ್ದೀಯಲ್ಲ?” ಎಂದಳು ಶೈಲಾ.

“ಯಾವ ಹೋರಿ ಆಂಟಿ? ಇಲ್ಲಿ ನಾನೊಬ್ನೇ ಇರೋದು.”

ಅವನು ಸುಳ್ಳು ಹೇಳಲಿಲ್ಲ. ಸ್ಥಳ ಪರಿಶೀಲನೆಗೆ ಬಂದಿದ್ದ ನಿಮ್ಮ ಎಂಜಿನಿಯರ್ ಕೂಡ ಮಧ್ಯಾಹ್ನವೇ ಬಂದು, ಬರೀ ಬಂಡೆ ನೋಡಿ, ಫಲಕದ ಕಾಲು ನೆಡುವ ಜಾಗಕ್ಕೆ ಗುರುತು ಹಾಕಿ ಹೋಗಿದ್ದರು. ಈ ಹೋರಿ ಉಳಿಯಿಂದ ಆಳವಾಗಿ ಕೆತ್ತಿದ್ದಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದ್ದು. ನೆತ್ತಿಯ ಬಿಸಿಲಲ್ಲಿ ಮಾಯವಾಗಿ, ಬೆಳಗ್ಗೆ ಸಂಜೆಯ ಓರೆ ಬಿಸಿಲಿಗೆ ಮಾತ್ರ ಕೊಂಬು, ಡುಬ್ಬ, ಬಾಲ ಕಾಣಿಸುತ್ತವೆ. ನಾನು ತಜ್ಞನಲ್ಲ, ಇದರ ಕಾಲವನ್ನು ಯಾರೂ ನಿರ್ಧರಿಸಿಲ್ಲ. ಆದರೆ ಇಂಥ ಹೋರಿಗಳನ್ನು ಮೂಡಿಸಿದವರು ಕಬ್ಬಿಣವನ್ನೇ ಕಾಣದ ದನಗಾಹಿಗಳು ಎಂದು ಓದಿದ್ದೇನೆ. ದನ ಹೊರಡುವ, ದನ ಮರಳುವ ಹೊತ್ತೇ ಅವರ ಹೊತ್ತು. ನಿಮ್ಮ ಕಚೇರಿ ತೆರೆಯುವಷ್ಟರಲ್ಲಿ ಒಂದು ಮುಗಿದಿರುತ್ತದೆ. ಮುಚ್ಚಿದ ಮೇಲೆ ಇನ್ನೊಂದು ಬರುತ್ತದೆ. ಸಾವಿರಾರು ವರ್ಷದ ಮಳೆಗೆ ಅಳಿಯದ್ದು ನಿಮ್ಮ ಪರಿಶೀಲನೆಗೆ ಅಳಿಯಿತೆಂದರೆ, ಆ ದನಗಾಹಿಗಳ ತಪ್ಪು ಒಂದೇ: ಕಚೇರಿ ವೇಳೆ ಕೇಳಿ ತಿಳಿಯದೆ ಕೆಲಸ ಶುರು ಮಾಡಿದ್ದು.

ಈಗ ‘ಹೆಚ್ಚಿನ ರಕ್ಷಣೆಗಾಗಿ’ ಬಂಡೆಗೆ ಬೇಲಿ ಮಂಜೂರಾಗಿದೆ. ಕಂಬ ನೆಡುವ ಕಡೆಯಲ್ಲೆಲ್ಲ ಕೆಂಪು ಬಣ್ಣದ ಗುರುತು ಬಿದ್ದಿದೆ. ಹೋರಿಯ ಕೆಳಗೆ ಪುಟ್ಟ ಕರುವೊಂದು ಇನ್ನೂ ಪೂರ್ತಿಯಾಗಿ ಉಳಿದಿದೆ. ಒಂದು ಗುರುತು ಅದರ ಕತ್ತಿನ ಮೇಲೆಯೇ ಇದೆ. ಇದನ್ನು ಹೇಳಿದಾಗ ಶೈಲಾ, “ಅರ್ಜಿ ಬರೀಬಾರ್ದಿತ್ತು ಕಣ್ರೀ” ಎಂದಳು. ಅವಳು ಈಗ ಗುಡ್ಡದ ಕಡೆ ವಾಕಿಂಗ್ ಹೋಗುವುದಿಲ್ಲ.

ಕಂಬ ನೆಡುವ ಮುಂಚೆ ಒಂದು ದಿನ ಹೊತ್ತು ಇಳಿಯುವಾಗ ನೀವೇ ಬನ್ನಿ. ಕರುವನ್ನು ಕಣ್ಣಾರೆ ನೋಡಿ, ಆಮೇಲೆ ಗುರುತು ಹಾಕಿಸಿ. ಆ ಹೊತ್ತಿನಲ್ಲಿ ಬರಲು ನಿಯಮ ಒಪ್ಪದಿದ್ದರೆ ಈ ಬಂಡೆಯನ್ನು ನಿಮ್ಮ ರಕ್ಷಣೆಯಿಂದ ಕೈಬಿಡಿ.

ಇಂತಿ,
ಕರುವನ್ನಾದರೂ ನಿಮ್ಮಿಂದ ಉಳಿಸಿಕೊಳ್ಳಲು ನೋಡುತ್ತಿರುವ
ನಾಗಭೂಷಣ್
ಕೆಂಗೇರಿ ಉಪನಗರ