ನಿಸ್ಸಂದೇಹದ ಕೆಳಗೆ ಕೂತ ನಲವತ್ತೊಂದು ಮಕ್ಕಳು

ಮಾನ್ಯ ಕಟ್ಟಡ ಸುರಕ್ಷತಾ ಅಧಿಕಾರಿಗಳೇ,

ನಿಮ್ಮ ಕಚೇರಿ ನನಗೆ ಕಳಿಸಿದ ಉತ್ತರ ಸುಳ್ಳು. ಆ ಸುಳ್ಳಿನ ಕೆಳಗೆ ದಿನವೂ ನಲವತ್ತೊಂದು ಮಕ್ಕಳು ಕೂರುತ್ತಾರೆ. ಅವರಿಗೆ ಪಾಠ ಹೇಳುವವಳು ನನ್ನ ಮಗಳು.

ಶಾಲೆಯ ಮಹಡಿಯಲ್ಲಿರುವ ಐದನೇ ತರಗತಿಯ ತೊಲೆ ಬಿರುಕು ಬಿಟ್ಟಿದೆ ಎಂದು ಮೂರು ಸಲ ಅರ್ಜಿ ಕೊಟ್ಟೆ. ಮೂರನೆಯದಕ್ಕೆ ತಾವು ಘನವಾದ ಇಂಗ್ಲಿಷಿನಲ್ಲಿ ಉತ್ತರ ದಯಪಾಲಿಸಿದಿರಿ. ‘ಇಟ್ ಈಸ್ ಬಿಯಾಂಡ್ ಎನಿ ಡೌಟ್’, ಅಂದರೆ ಎಳ್ಳಷ್ಟೂ ಅನುಮಾನವಿಲ್ಲದೆ, ಕಟ್ಟಡ ಭದ್ರವಾಗಿದೆಯಂತೆ. ‘ರೆಸ್ಟ್ ಅಶ್ಯೂರ್ಡ್’, ನಾನು ನಿಶ್ಚಿಂತೆಯಿಂದ ಇರಬೇಕಂತೆ. ಎರಡನೇ ಮಹಡಿಯನ್ನೂ ಪರೀಕ್ಷಿಸಿದ್ದೀರಂತೆ. ಸ್ವಾಮಿ, ಆ ಶಾಲೆಗೆ ಇರುವುದೇ ಒಂದು ಮಹಡಿ. ಇಲ್ಲದ ಮಹಡಿಗೆ ನಿಮ್ಮ ಎಂಜಿನಿಯರು ಯಾವ ಏಣಿ ಹಾಕಿ ಹತ್ತಿದರು?

ಆ ಇಂಗ್ಲಿಷನ್ನು ನಾನು ಗುರುತು ಹಿಡಿದೆ. ಅದು ನನ್ನದೇ. ಇಪ್ಪತ್ತಾರು ವರ್ಷ ನಿಮ್ಮದೇ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವನು ನಾನು. ಯಾರಾದರೂ ಹೋಗಿ ನೋಡಿ ಬಂದ ಕಟ್ಟಡವಾದರೆ ಉತ್ತರದಲ್ಲಿ ಅಳತೆ ಇರುತ್ತಿತ್ತು: ಬಿರುಕು ಇಷ್ಟುದ್ದ, ಇಷ್ಟಗಲ, ಇಂಥ ಕಡೆ ತೇವ. ಯಾರೂ ಹೋಗದಿದ್ದಾಗ ನೋಡಿ ಬರೆಯಲೆಂದೇ ನನ್ನ ಮೇಜಿನ ಗಾಜಿನಡಿ ಒಂದು ಹಾಳೆ ಇತ್ತು. ‘ಅನ್‌ಡೌಟೆಡ್ಲಿ’, ‘ವಿ ಆರ್ ಫುಲ್ಲಿ ಕಾನ್ಫಿಡೆಂಟ್’, ‘ವಿದೌಟ್ ಎ ಶ್ಯಾಡೋ ಆಫ್ ಡೌಟ್’, ಹೀಗೆ ಅನುಮಾನವೇ ಇಲ್ಲವೆಂದು ಸಾರುವ ಹನ್ನೊಂದು ಮಾತು. ನಾನೇ ಆರಿಸಿ, ನಾನೇ ಟೈಪ್ ಮಾಡಿ ಇಟ್ಟಿದ್ದೆ. ಆಗಿನ ಸಾಹೇಬರು ಬೆನ್ನು ತಟ್ಟಿ ಹೇಳಿದ್ದರು: “ಅನುಮಾನ ಇದ್ದಷ್ಟೂ ಇಂಗ್ಲಿಷ್ ಗಟ್ಟಿಯಾಗಿರ್ಬೇಕು ಕಣಯ್ಯಾ. ಓದಿದವ್ನು ತಿರುಗಿ ಕೇಳ್ಬಾರ್ದು.” ಯಾರೂ ತಿರುಗಿ ಕೇಳಲಿಲ್ಲ. ಆ ಕಟ್ಟಡಗಳು ನಿಂತಿವೆಯೋ ಬಿದ್ದಿವೆಯೋ ಎಂದು ನಾನೂ ಒಂದು ದಿನ ವಿಚಾರಿಸಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣಬೇಕಾದವಳು ಮಗಳು ಎಂಬುದೇ ನನ್ನ ಸಂಕಟ.

ಹೋದ ವಾರ ಬೆಂಚಿನ ಮೇಲೆ ಹತ್ತಿ ಆ ತೊಲೆಯನ್ನು ಮುಟ್ಟಿ ನೋಡಿದೆ. ಬಿರುಕಿನ ತುದಿಗೆ ಮಗಳು ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಟ್ಟಿದ್ದಾಳೆ. ಅಂಥ ಆರು ಗೆರೆ ದಾಟಿ ಅದು ಕಿಟಕಿಯ ಕಡೆಗೆ ಹೊರಟಿದೆ. ಮೊದಲು ಅದರೊಳಗೆ ಕಾಗದದ ಅಂಚು ಹೋಗುತ್ತಿತ್ತಂತೆ, ಈಗ ನನ್ನ ಕಿರುಬೆರಳು ಹೋಗುತ್ತದೆ. ಗಾರೆಯ ಪುಡಿ ಬಿದ್ದಾಗ ಮಕ್ಕಳು ಪುಸ್ತಕ ಕೊಡವಿ ಓದು ಮುಂದುವರಿಸುತ್ತಾರೆ, ಅವರಿಗದು ಅಭ್ಯಾಸವಾಗಿಬಿಟ್ಟಿದೆ.

ಮುಖ್ಯೋಪಾಧ್ಯಾಯಿನಿಯ ಬಳಿ ಹೋಗಿ ಕೋಣೆಗೆ ಬೀಗ ಹಾಕಿ ಎಂದು ಕೈಮುಗಿದೆ. ಅವರು ನಿಮ್ಮ ಕಾಗದವನ್ನೇ ಮುಂದಿಟ್ಟರು. “ಅನುಮಾನ ಇದೆ ಅಂತ ಆಫೀಸು ಒಂದು ಸಾಲು ಬರೆದ್ರೆ ಈ ಕ್ಷಣಾನೇ ಬೀಗ ಹಾಕ್ತೀನಿ ಸಾರ್, ಮಕ್ಕಳನ್ನ ಜಗಲೀಲಿ ಕೂರಿಸ್ತೀನಿ. ಇಷ್ಟು ಖಡಾಖಂಡಿತವಾಗಿ ಬರೆದ್ಮೇಲೆ ನಾನು ಹಾಕಿದ್ರೆ ನನ್ನ ಕೆಲಸ ಹೋಗುತ್ತೆ.” ಮಗಳಿಗೆ ರಜೆ ಹಾಕು ಎಂದು ಅಂಗಲಾಚಿದೆ. ಅವಳು ಚಪ್ಪಲಿ ಮೆಟ್ಟುತ್ತಲೇ ಹೇಳಿದಳು: “ನಾನು ರಜೆ ಹಾಕಿದ್ರೆ ಇನ್ನೊಬ್ರು ಬಂದು ಅಲ್ಲೇ ಪಾಠ ಮಾಡ್ತಾರೆ ಅಪ್ಪಾ. ನಾನಾದ್ರೆ ಆ ತೊಲೆ ಮೇಲೆ ಒಂದು ಕಣ್ಣಿಟ್ಟಿರ್ತೀನಿ.” ಅವಳು ಹೋದಮೇಲೆ ಸಂಜೆ ಗೇಟಿನ ಸದ್ದಾಗುವವರೆಗೆ ನಾನು ಬಾಗಿಲು ಬಿಟ್ಟು ಕದಲುವುದಿಲ್ಲ. ಹೆದರಿಕೆಯಾಗುತ್ತಿದೆ ಸ್ವಾಮಿ, ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ತೊಲೆ ರಿಪೇರಿ ಮಾಡಿಸಿ ಎಂದು ಈಗ ಕೇಳುವುದಿಲ್ಲ, ಅದಕ್ಕೆ ನಿಮಗೆ ವರ್ಷ ಬೇಕಾದೀತು. ಸೋಮವಾರ ಬೆಳಗಿನ ಮೊದಲ ಪೀರಿಯಡ್ಡಿಗೆ ತಾವೇ ಬನ್ನಿ. ನಲವತ್ತು ನಿಮಿಷ ಆ ತೊಲೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂರಿ, ಮಕ್ಕಳು ಹೊರಗಿರಲಿ. ಬರಲಾಗದಿದ್ದರೆ ಒಂದೇ ಸಾಲು ಬರೆಯಿರಿ: ‘ನಾವು ನೋಡಿಲ್ಲ, ನಮಗೆ ಗೊತ್ತಿಲ್ಲ.’ ನಿಮ್ಮ ಹಾಳೆಯಲ್ಲಿ ಆ ಮಾತು ಸಿಗುವುದಿಲ್ಲ, ಯಾಕೆಂದರೆ ನಾನು ಅದನ್ನು ಸೇರಿಸಲೇ ಇಲ್ಲ. ಹೇಳಿ ಕಳಿಸಿ, ನಾನೇ ಬಂದು ಟೈಪ್ ಮಾಡುತ್ತೇನೆ. ತಾವು ಸಹಿ ಹಾಕಿದರೆ ಸಾಕು.

ಇಂತಿ,
ಆ ಹನ್ನೊಂದು ಮಾತುಗಳನ್ನು ನಿಮಗೆ ಕೊಟ್ಟುಹೋದ,
ಐದನೇ ತರಗತಿಯ ಟೀಚರ ಅಪ್ಪ