ಸ್ವರ್ಗರಥ ನಿಂತ ಕಾರಣ

ಮಾರ್ಚ್ 4, ಮಂಗಳವಾರ

ಇವತ್ತೂ ಗಾಡಿ ಏಳನೇ ಸಲ ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಯಿತು. ಆರು ಸಲ ಬರೀ ಕರ್ರ್ ಕರ್ರ್. ವಾಚ್‌ಮನ್ ಕೈಕಟ್ಟಿ ನೋಡುತ್ತ ನಿಂತಿದ್ದ. ‘ಭೀಮರಾಯ್ ಭಾವೂ, ಅಬ್ ಇಸ್ ಗಾಡಿ ಕೋ ಹೀ ಸ್ವರ್ಗ ಭೇಜ್ ದೋ’ ಅಂದ. ನಗಲಿಲ್ಲ. ಗಾಡಿಯನ್ನೇ ಸ್ವರ್ಗಕ್ಕೆ ಕಳಿಸು ಅಂತ ದಿನಾ ಅದೇ ಜೋಕು.

ಗಾಡಿಗೆ ಹದಿನೇಳು ವರ್ಷ. ಭಾಂಡುಪ್‌ನ ನಮ್ಮ ಕನ್ನಡ ಸಂಘದ, ಹೆಣ ಒಯ್ಯುವ ಸ್ವರ್ಗರಥ. ಹೆಸರಿಗೆ ರಥ. ಅಸಲಿಗೆ ಹಳೇ ಪೆಟ್ರೋಲ್ ವ್ಯಾನು, ಹಿಂದಿನ ಸೀಟು ಕಿತ್ತು ಸ್ಟ್ರೆಚರ್ ಹಾಕಿದ್ದಾರೆ, ಪಕ್ಕಕ್ಕೊಂದು ಬೆಂಚು. ಒಂಬತ್ತು ವರ್ಷದಿಂದ ನಾನೇ ಡ್ರೈವರ್. ನನ್ನ ಸವಾರಿಗಳು ಎಂದೂ ತಕರಾರು ಮಾಡಿದವರಲ್ಲ. ಕಾಟವೇನಿದ್ದರೂ ಅವರ ಮನೆಯವರದ್ದು.

ಬ್ಯಾಟರಿ ಹೊಸದು. ಹೋದ ದೀಪಾವಳಿಗೆ ಹಾಕಿಸಿದ್ದು. ಹಾಗಾದರೆ ಏನು...

ಮಾರ್ಚ್ 7

ಕುರ್ಲಾಕ್ಕೆ ಹೋದೆ, ಸುಕೇಶನ ಗ್ಯಾರೇಜಿಗೆ. ಕಾರ್ಕಳದ ಕಡೆಯವನು. ಬಾಯಿ ಜಾಸ್ತಿ, ಕೈ ಇನ್ನೂ ಜಾಸ್ತಿ. ಡ್ರೈವರ್ ಸೀಟು ಎತ್ತಿ ಎಂಜಿನ್ನಿನೊಳಗೆ ತಲೆ ಹಾಕಿದ. ಬ್ಯಾಟರಿಯಿಂದ ಗಾಡಿಯ ಮೈಗೆ ಬರುವ ಅರ್ಥಿಂಗ್ ವೈರು, ಅದರ ಬಾಯೆಲ್ಲ ಹಸಿರು ಹಿಡಿದಿತ್ತು.

‘ಎಂಥ ಭೀಮಣ್ಣ, ಬ್ಯಾಟರಿಗೆ ಬೈದದ್ದು ಮಾರಾಯ್ರೆ ನೀವು? ಪಾಪ ಅದು. ಇಲ್ಲಿ ನೋಡಿ, ದಾರಿಯೇ ಬಂದ್ ಉಂಟು.’

ತಿಕ್ಕಿದ, ಬಿಗಿ ಮಾಡಿದ. ಮೊದಲ ಸೆಲ್ಫಿಗೇ ಎದ್ದಿತು. ಖುಷಿಯಾಯಿತು. ಅದೇ ಖುಷಿಗೆ ಮಾಟುಂಗತನಕ ಹೋಗಿ ಇಂದ್ರಾಬಾಯಿಗೆ ಮೈಸೂರು ಪಾಕ್ ತಂದೆ. ‘ಯಾರ್ದು ಲಗ್ನ?’ ಅಂದಳು ಹೆಂಡತಿ. ಗಾಡಿ ಸ್ಟಾರ್ಟ್ ಆಗ್ಯಾದ ಅಂದೆ. ನನ್ನನ್ನೇ ನೋಡುತ್ತ ತಿಂದಳು.

ಮಾರ್ಚ್ 12

ಖುಷಿ ಐದೇ ದಿನ. ಇವತ್ತು ಹೊಸ ರೋಗ. ಮುಲುಂಡ್‌ನಿಂದ ಖಾಲಿ ಬರುತ್ತಿದ್ದೆ, ಬಿಸಿಲು, ಟ್ರಾಫಿಕ್. ಸಿಗ್ನಲ್ಲಿನಲ್ಲಿ ಎಂಜಿನ್ ತಟ್ಟನೆ ಬಂದ್. ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಏಳುವುದಿಲ್ಲ. ತಳ್ಳಿ ಬದಿಗೆ ಹಾಕಿದೆ. ಒಂದು ಚಹಾ, ಒಂದು ವಡಾಪಾವ್. ಇಪ್ಪತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ... ಏನೂ ಆಗಿಲ್ಲವೆಂಬಂತೆ ಎದ್ದಿತು.

ಸುಕೇಶ ಫೋನಿನಲ್ಲಿ ಹೇಳಿದ: ‘ಅದು ನಿಂತ ಕೂಡಲೇ ನೋಡಬೇಕು ಭೀಮಣ್ಣ. ಕರೆಂಟ್ ಇಲ್ಲವಾ, ಪೆಟ್ರೋಲ್ ಇಲ್ಲವಾ, ಆಗಲೇ ಗೊತ್ತಾಗುವುದು. ಚಹಾ ಕುಡಿದು ನೋಡಿದರೆ ಎಲ್ಲ ಸರಿಯೇ ಇರ್ತದೆ.’

ಮಾರ್ಚ್ 15

ಸುಕೇಶ ಪ್ಲಗ್ ಬದಲಿಸಿದ, ಪೆಟ್ರೋಲ್ ಫಿಲ್ಟರ್ ಬದಲಿಸಿದ. ಹೈವೇಯಲ್ಲಿ ಥಾಣೆತನಕ ಹೋಗಿಬಂದೆವು. ಒಮ್ಮೆಯೂ ನಿಲ್ಲಲಿಲ್ಲ. ಗಾಳಿ ಹೊಡೆದುಕೊಂಡು ಓಡುವಾಗ ಅದಕ್ಕೇನು ಧಾಡಿ.

ಮಾರ್ಚ್ 18, ಮಂಗಳವಾರ. ಸಂಜೆ 7

ಇವತ್ತಿನದು ಇವತ್ತೇ ಬರೆದುಬಿಡುತ್ತೇನೆ.

ಹನುಮವ್ವ ಅಂತ. ಎಪ್ಪತ್ತೆರಡು. ಯಾದಗಿರಿ ಕಡೆಯವರು, ಟೇಂಭಿಪಾಡಾದ ಚಾಳಿನಲ್ಲಿ ಸ್ವಂತ ಖೋಲಿ, ಒಂದೇ ಕೋಣೆಯ ಮನೆ. ಮುನಿಸಿಪಾಲಿಟಿ ಆಸ್ಪತ್ರೆಯಿಂದ ಬೆಳಿಗ್ಗೆ ಹತ್ತಕ್ಕೆ ಅವರ ಹೆಣ ತಂದೆ. ಚಾಳಿನ ಬಾಯಿಗೆ ಗಾಡಿ ಹಚ್ಚಿದೆ. ಸ್ನಾನ, ಅರಿಷಿಣ, ಊರಿಂದ ಬರುವವರಿಗೆ ಕಾಯುವುದು... ಒಂದೂಕಾಲು ಗಂಟೆ. ಅಷ್ಟು ಹೊತ್ತೂ ಎಂಜಿನ್ ಬಂದ್ ಮಾಡಲಿಲ್ಲ ನಾನು. ಬಂದ್ ಮಾಡಿದರೆ ಎಲ್ಲಿ ಏಳುವುದಿಲ್ಲವೋ ಎಂಬ ಹೆದರಿಕೆ. ಅರ್ಥಿಂಗ್ ಸರಿಯಾಗಿದ್ದರೂ ಹಳೇ ಹೆದರಿಕೆ ಹೋಗಿರಲಿಲ್ಲ.

ಹೊರಟೆವು. ಮಗ ದೇವಾನಂದ ನನ್ನ ಪಕ್ಕಕ್ಕೆ. ಹಿಂದೆ ಮಗಳು ಮಹಾದೇವಿ, ಮತ್ತೆ ಸತ್ತವಳ ತಂಗಿ ದೇವಕ್ಕ. ಎಲ್.ಬಿ.ಎಸ್. ರೋಡಿನಲ್ಲಿ ಆಮೆ ನಡಿಗೆ. ಸ್ಮಶಾನ ಇನ್ನೂ ಒಂದು ಕಿಲೋಮೀಟರ್ ಇದ್ದಾಗ ನಿಂತೇಬಿಟ್ಟಿತು.

ಸೆಲ್ಫ್ ಹೊಡೆದೆ, ಹೊಡೆದೆ. ಇಲ್ಲ. ಸೀಟು ಎತ್ತಿ ನೋಡೋಣವೆಂದರೆ ಸೀಟಿನ ಬೆನ್ನಿಗೇ ಆ ಸತ್ತ ಅಮ್ಮನ ತಲೆ. ಹಿಂದೆ ನಡೆದು ಬರುತ್ತಿದ್ದವರೆಲ್ಲ ಸುತ್ತ ನೆರೆದರು. ಬಸ್ಸಿನವರ ಹಾರ್ನ್.

ದೇವಕ್ಕ ಒಳಗಿಂದಲೇ ಅಂದಳು: ‘ಯಾರೂ ಗಾಡಿ ಮುಟ್ಟಬ್ಯಾಡ್ರಿ. ಅಕ್ಕನ ಮನಸಿನ್ಯಾಗ ಏನೋ ಉಳದದ. ದೇವ್ಯಾ, ಕೇಳಪಾ ನಿಮ್ಮವ್ವಗ.’

ದೇವಾನಂದ ಇಳಿದ. ಮುಖ ಬಿಳುಚಿಕೊಂಡಿತ್ತು. ಹಿಂದಿನ ಬಾಗಿಲು ತೆಗೆದು ಅವ್ವನ ಕಾಲಿನ ಮೇಲೆ ಎರಡೂ ಕೈ ಇಟ್ಟ. ಎಲ್ಲರಿಗೂ ಕೇಳುವಂತೆ ಹೇಳಿದ: ‘ಅವ್ವಾ, ಖೋಲಿ ಮಾರಂಗಿಲ್ಲ. ಮಹಾದೇವಿ ಇರೂತನಕ ಅಕಿದು. ನಿನ್ನ ಆಣಿ. ಹೋಗವ್ವಾ ಇನ್ನ.’

ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅತ್ತಳು. ಇವತ್ತಿಡೀ ಅವಳು ಅತ್ತದ್ದು ಆಗೊಮ್ಮೆ ಮಾತ್ರ.

ಕರ್ಪೂರ ಹಚ್ಚಿದರು, ಕಾಯಿ ಒಡೆದರು. ನಾನು ಸೆಲ್ಫ್ ಹೊಡೆದೆ. ಎದ್ದಿತು. ನಿಂತದ್ದು ಒಟ್ಟು ಇಪ್ಪತ್ತೆರಡು ನಿಮಿಷ.

ನನಗೆ ನಾಚಿಕೆಯಾಯಿತು. ಯಾರೋ ನನ್ನ ಕಾಲಿಗೂ ನಮಸ್ಕಾರ ಮಾಡಿದರು.

ಮಾರ್ಚ್ 19

ಇಂದ್ರಾಬಾಯಿಗೆ ಎಲ್ಲ ಗೊತ್ತು. ಚಾಳಿನ ಸುದ್ದಿ ನನಗಿಂತ ಮೊದಲು ಮನೆ ಮುಟ್ಟುತ್ತದೆ. ಮಹಾದೇವಿ ಗಂಡನನ್ನು ಬಿಟ್ಟು ಬಂದು ಹನ್ನೆರಡು ವರ್ಷ. ಪ್ಯಾಕಿಂಗ್ ಕಂಪನಿಯಲ್ಲಿ ಕೆಲಸ. ತಾಯಿಯ ಉಚ್ಚೆ-ಹೇಲು ಬಳಿದವಳು ಅವಳೇ. ದೇವಾನಂದ ಬದ್ಲಾಪುರದಲ್ಲಿ ಬಾಡಿಗೆಗಿದ್ದಾನೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಖೋಲಿ ಮಾರಿ ಅಲ್ಲೊಂದು ಫ್ಲ್ಯಾಟ್ ಹಿಡಿಯುವುದೆಂದು ಮಾತಾಡಿಯೂ ಆಗಿತ್ತಂತೆ. ಕೆಟ್ಟವನೇನಲ್ಲ.

‘ಮುದುಕಿ ಜೀವ ಇದ್ದಾಗ ಬಾಯಿ ಬಿಡಲಿಲ್ಲ, ಈಗ ಗಾಡಿ ತಡದಳು’ ಅಂದಳು ಇಂದ್ರಾಬಾಯಿ, ಕೈ ಮುಗಿಯುತ್ತ.

ಗಾಡಿ ತಡೆದದ್ದು ಮುದುಕಿಯಲ್ಲ ಅಂದೆ. ಹಾಗಾದರೆ ಯಾರು ಅಂದಳು. ಅದೇ ತಾನೆ ಗೊತ್ತಾಗದೇ ಇರುವುದು.

ಮಾರ್ಚ್ 27

ಗೊತ್ತಾಯಿತು.

ಓಡಿಸಿ ನೋಡುವುದು ಬೇಡ ಅಂದ ಸುಕೇಶ. ಗ್ಯಾರೇಜಿನ ಮುಂದೆ ಮಟಮಟ ಮಧ್ಯಾಹ್ನ ಬಿಸಿಲಿಗೆ ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಬಿಟ್ಟು, ಇಬ್ಬರೂ ಸ್ಟೂಲ್ ಹಾಕಿ ಕುಳಿತೆವು. ರೋಗಿ ಮುಂದೆ ಕುಳಿತಂತೆ. ಐವತ್ತೆಂಟನೇ ನಿಮಿಷಕ್ಕೆ ನಿಂತಿತು.

ಹಾರಿ ಎದ್ದ. ಸೀಟು ಎತ್ತಿ ಪ್ಲಗ್ ವೈರು ಕಿತ್ತು ಎಂಜಿನ್ ಬಾಡಿಯ ಹತ್ತಿರ ಹಿಡಿದ. ‘ಸೆಲ್ಫ್ ಹೊಡೀರಿ.’ ಹೊಡೆದೆ. ಕಿಡಿಯೇ ಇಲ್ಲ. ಪೆಟ್ರೋಲ್ ಬರುತ್ತಿತ್ತು, ವಾಸನೆಯೂ ಇತ್ತು.

‘ಕಾಯಿಲ್’ ಅಂದ. ಮುಟ್ಟಿದೆ, ಕೈ ಸುಟ್ಟಿತು. ಪ್ಲಗ್ಗಿಗೆ ಕರೆಂಟ್ ಕಳಿಸುವ ಡಬ್ಬಿ ಅದು. ಬಿಸಿಯಾದರೆ ಕೈ ಎತ್ತುತ್ತದೆ, ತಣ್ಣಗಾದರೆ ಮತ್ತೆ ಕೆಲಸ. ಹಸಿ ಬಟ್ಟೆ ಸುತ್ತಿದ. ಐದು ನಿಮಿಷಕ್ಕೆ ಗಾಡಿ ಎದ್ದಿತು. ಇನ್ನೊಮ್ಮೆ ಬಿಸಿ ಮಾಡಿದೆವು, ಇನ್ನೊಮ್ಮೆ ನಿಂತಿತು. ಹೊಸ ಕಾಯಿಲ್ ಹಾಕಿದ ಮೇಲೆ ಎರಡು ಗಂಟೆ ಚಾಲೂ ಬಿಟ್ಟರೂ ನಿಲ್ಲಲಿಲ್ಲ.

‘ಅವತ್ತು ಚಾಲೂ ಇಟ್ಟದ್ದೇ ತಪ್ಪು ನಿಮ್ಮದು’ ಅಂದ ಸುಕೇಶ. ‘ಬಂದ್ ಮಾಡಿದ್ದರೆ ಸ್ಮಶಾನದವರೆಗೆ ಆರಾಮ ಹೋಗ್ತಿತ್ತು.’

ಹೌದು. ಆ ಅಮ್ಮನನ್ನು ರಸ್ತೆಯಲ್ಲಿ ನಿಲ್ಲಿಸಿದವನು ನಾನು.

ಏಪ್ರಿಲ್ 2

ದೇವಾನಂದ ಬಂದಿದ್ದ. ಕಾಯಿಲ್ ಹಾಕಿಸಿದ್ದನ್ನು ಸಂಘದ ಸೆಕ್ರೆಟರಿ ಅವನಿಗೆ ಹೇಳಿದ್ದಾರೆ. ಹೇಳದೇ ಇರಬೇಕಿತ್ತು. ಬಾಗಿಲಲ್ಲೇ ನಿಂತ, ಚಹಾ ಬೇಡ ಅಂದ.

‘ಕಾಕಾ, ಒಂದ ಮಾತ ಹೇಳ್ರಿ. ಅವತ್ತ ಗಾಡಿ ಕೆಟ್ಟಿತ್ತೋ, ನಮ್ಮವ್ವ ತಡದಳೋ?’

‘ಯಾಕಪಾ?’

‘ಕೆಟ್ಟಿದ್ದರ ಆಣಿ ಆಣಿ ಅಲ್ಲ ಅಂತಾಳ ನನ್ನ ಹೇಂತಿ. ಮನ್ಯಾಗ ದಿನಾ ಅದ ಜಗಳ. ನೀವು ಸುಳ್ಳ ಹೇಳಾಂಗಿಲ್ಲ ಅಂತ ಊರಿಗೆ ಗೊತ್ತದ. ನೀವ ಹೇಳಿದ್ದ ಖರೆ.’

ರವಿವಾರ ಖೋಲಿಗೆ ಬರುತ್ತೇನೆ, ಇಬ್ಬರ ಮುಂದೆಯೇ ಹೇಳುತ್ತೇನೆ ಅಂದೆ. ಹೋದ. ನಾಲ್ಕು ದಿನ ಟೈಮ್ ಸಿಕ್ಕಿತು, ಅಷ್ಟೇ.

ಏಪ್ರಿಲ್ 4

ಮಹಾದೇವಿ ಬಂದಳು, ಡ್ಯೂಟಿ ಮುಗಿಸಿ. ಖೋಲಿಯ ಮಾತೇ ಎತ್ತಲಿಲ್ಲ. ಅದನ್ನು ಬರೆದಿಡಬೇಕು. ಚಹಾ ಕುಡಿದು ಲೋಟ ಕೆಳಗಿಟ್ಟಳು.

‘ಕಾಕಾ, ಅವ್ವ ನನ್ನ ಪರ ಎಂದೂ ಒಂದ ಮಾತ ಆಡಿದಕಿ ಅಲ್ಲ. ಗಂಡ ಹೊಡದು ಕಳಿಸಿದಾಗೂ ಇಲ್ಲ. ನಾ ಮೈ ತೊಳದರೂ ದೇವ್ಯಾ ಬಂದ್ನೇನು ಅಂತಿದ್ಲು. ಅವತ್ತ ಒಂದಿನ... ಹೋಗಾಕತ್ತಾಗಾರ ನನ್ನ ನೆನಸಿದ್ಲಲ್ಲ ಅಂತ ಸಮಾಧಾನ ಆಗ್ಯಾದ. ಗಾಡಿ ತಡದಾಕಿ ಖರೇನೇ ಅವ್ವನೇನ್ರಿ?’

ರವಿವಾರ ಹೇಳ್ತೀನವ್ವ ಅಂದೆ.

ಅವಳು ಹೋದ ಮೇಲೆ ಇಂದ್ರಾಬಾಯಿ ಸುಮ್ಮನಿರಲಿಲ್ಲ. ‘ಹೂಂ ಅಂದ್ರ ನಿಮ್ಮ ಗಂಟೇನ ಹೋಗ್ತದ? ಖೋಲಿನೂ ಉಳೀತದ, ಜೀವಾನೂ ತಣ್ಣಗಾಗ್ತದ.’

ಅವಳ ಮಾತು ಸರಿಯೇ. ಆದರೆ ಗಾಡಿಯ ವಿಷಯದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲ ನನಗೆ. ಬೇರೆ ಎಷ್ಟೋ ವಿಷಯದಲ್ಲಿ ಹೇಳಿದ್ದೇನೆ. ಇದರಲ್ಲಿ ನಾಲಿಗೆ ಹೊರಳುವುದಿಲ್ಲ.

ಏಪ್ರಿಲ್ 5

ನಿದ್ದೆ ಸರಿಯಾಗಿಲ್ಲ. ಬೆಳಿಗ್ಗೆ ಗಾಡಿ ತೊಳೆಯುವಾಗ ಒಂದು ಯೋಚನೆ ಬಂತು. ಸುಕೇಶ ಹೇಳಿದಂತೆ... ನಿಂತ ಕೂಡಲೇ ಏನಾಯಿತು, ಅದನ್ನು ನೋಡಬೇಕು.

ಗಾಡಿ ನಿಂತ ಕೂಡಲೇ ದೇವಕ್ಕ ಅಂದದ್ದು ಏನು? ಅಕ್ಕನ ಮನಸ್ಸಿನಲ್ಲಿ ಏನೋ ಉಳಿದಿದೆ, ಅಷ್ಟೇ. ಖೋಲಿಯ ಹೆಸರನ್ನು ಯಾರೂ ಎತ್ತಿರಲಿಲ್ಲ. ಮಹಾದೇವಿಯ ಹೆಸರನ್ನೂ. ಮುದುಕಿಗೆ ಏನು ಬೇಕಿತ್ತೋ... ಕಾಶಿಯೋ, ಊರ ದೇವರ ಹರಕೆಯೋ, ಮೊಮ್ಮಗಳ ಲಗ್ನವೋ. ನೂರು ಇರಬಹುದು. ದೇವಾನಂದ ಒಂದು ಕ್ಷಣವೂ ಯೋಚಿಸಲಿಲ್ಲ. ನೆಟ್ಟಗೆ ಖೋಲಿ ಅಂದ.

ಯಾಕೆ?

ಏಪ್ರಿಲ್ 6, ರವಿವಾರ

ಹನ್ನೊಂದಕ್ಕೆ ಹೋದೆ. ಮೊದಲ ಮಹಡಿ, ಕೊನೆಯ ಖೋಲಿ. ಗೋಡೆಯ ಮೇಲೆ ಹನುಮವ್ವನ ಫೋಟೋ, ಹೊಸ ಹಾರ. ಅಣ್ಣ ಕುರ್ಚಿಯಲ್ಲಿ, ತಂಗಿ ಸ್ಟೋವ್ ಹತ್ತಿರ ಕೆಳಗೆ. ಬೇರೆ ಯಾರನ್ನೂ ಕರೆದಿರಲಿಲ್ಲ.

ಹೇಳಿಬಿಟ್ಟೆ. ‘ಗಾಡಿ ಕೆಟ್ಟಿತ್ತು. ಕಾಯಿಲ್. ಒಂದೂಕಾಲು ತಾಸು ಎಂಜಿನ್ ಚಾಲೂ ಇಟ್ಟೆ, ಅದಕ್ಕ ಕಾದು ನಿಂತದ. ತಪ್ಪು ನಂದು. ಅವ್ವಂದೇನೂ ಇಲ್ಲ.’

ದೇವಾನಂದ ಉಸಿರು ಬಿಟ್ಟ. ಹಗುರಾಯಿತು ಅಂದುಕೊಂಡೆ, ಆದರೆ ಮುಖ ಹಾಗಿರಲಿಲ್ಲ.

ಮಹಾದೇವಿ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ‘ಹಂಗಾದ್ರ ಅವ್ವ ಏನೂ ಅನಲಿಲ್ಲ’ ಅಂದಳು. ನನಗಲ್ಲ, ಅಣ್ಣನಿಗೂ ಅಲ್ಲ. ಇಂದ್ರಾಬಾಯಿಯ ಮಾತು ಕೇಳಬೇಕಿತ್ತು ಅನ್ನಿಸಿತು.

ಏಳಬೇಕಿತ್ತು. ಏಳಲಿಲ್ಲ.

‘ದೇವಾನಂದ, ನಾನೂ ಒಂದ ಕೇಳ್ತೀನಿ. ಗಾಡಿ ನಿಂತಾಗ ನಿಮ್ಮ ಚಿಗವ್ವ ಖೋಲಿ ಅಂದಿದ್ದಿಲ್ಲ. ಯಾರೂ ಅಂದಿದ್ದಿಲ್ಲ. ನಿನ್ನ ಬಾಯಾಗ ಅದ ಯಾಕ ಬಂತು?’

ಪಕ್ಕದ ಖೋಲಿಯ ಕುಕ್ಕರ್ ಎರಡು ಸೀಟಿ ಹಾಕಿತು. ಮಹಾದೇವಿಯ ಕೈಯಲ್ಲಿ ಚಾಕು ಹಾಗೇ ನಿಂತಿತ್ತು.

‘ಕಾಕಾ...’ ಅಂದ. ಐವತ್ತರ ಹತ್ತಿರದ ಗಂಡಸು, ಶರ್ಟಿನ ತುದಿಯಿಂದ ಮೂಗು ಒರೆಸಿಕೊಂಡ. ‘ಆಸ್ಪತ್ರ್ಯಾಗ. ಅಡ್ಮಿಟ್ ಮಾಡಿದ ಮರುದಿನ. ಇಕಿ ನೀರು ತರಲಿಕ್ಕೆ ಹೋಗಿದ್ಲು. ಅವ್ವ ನನ್ನ ಕೈ ಹಿಡದಳು. ಗಟ್ಟಿ ಹಿಡದಳು, ಬಿಡಲೇ ಇಲ್ಲ. ಇಕಿ ಹೆಸರ ಹಿಡದು ಒಂದ ಮಾತ ಅಂದ್ಲು...’

‘ಏನಂದ್ಲು?’ ಮಹಾದೇವಿಯ ದನಿ.

ಅವನು ನನ್ನ ಕಡೆ ನೋಡಿದ. ನಾನು ಎದ್ದೆ. ಅದು ನನಗೆ ಹೇಳುವ ಮಾತಲ್ಲ. ಚಪ್ಪಲಿ ಹಾಕಿಕೊಂಡು, ಬಾಗಿಲು ಮುಂದೆ ಎಳೆದು, ಗ್ಯಾಲರಿಗೆ ಬಂದೆ. ಒಳಗೆ ಅವನ ದನಿ ಕೆಳಗಿತ್ತು, ಮಾತು ಕೇಳಿಸಲಿಲ್ಲ. ಅಳುತ್ತಿದ್ದನೋ ಹೇಳುತ್ತಿದ್ದನೋ. ಎರಡು ಮೆಟ್ಟಿಲು ಇಳಿದಿರಬೇಕು, ಅವಳು ಅಂದದ್ದು ಸ್ಪಷ್ಟ ಕೇಳಿಸಿತು—

‘ಇನ್ನೊಮ್ಮೆ ಹೇಳಣ್ಣಾ. ನಿನ್ನ ಮಾತಿನ್ಯಾಗ ಬ್ಯಾಡ. ಅವ್ವ ಹೆಂಗ ಅಂದ್ಲು, ಹಂಗ ಹೇಳು...’