ಒಂದೇ ಚೀಲದ ಅಕ್ಕಿ

ರಾಯಚೂರು, ಬುಧವಾರ

ಅಕ್ಕನಿಗೆ ತಮ್ಮ ಪಂಪಾಪತಿಯ ಶರಣು. ಫೋನಿನಲ್ಲಿ ಹೇಳಿದರೆ ದನಿ ನಡುಗುತ್ತದೆ, ಅದಕ್ಕೇ ಈ ಕಾರ್ಡು.

ಇಲ್ಲಿ ರೈಸ್ ಮಿಲ್ಲಿನಲ್ಲಿ ಅಕ್ಕಿಯ ಬಣ್ಣ ನೋಡಿ ದರ್ಜೆ ಹೇಳುವ ಕೆಲಸ ಇನ್ನೂ ಖಾಯಂ ಆಗಿಲ್ಲ. ಮಾನ್ವಿಯಲ್ಲಿ ಇಪ್ಪತ್ತು ವರ್ಷ ಕರಿ ತಾಟಿನಲ್ಲೇ ಅಕ್ಕಿ ಹರವಿ ನೋಡಿದವನು ನಾನು. ಇಲ್ಲಿ ಬಿಳಿ ಟೈಲ್ಸಿನ ಕಟ್ಟೆ. ಇವತ್ತು ಮಾಲಕರು ನಾನು ಊರಿಂದ ತಂದ ಕರಿ ತಾಟಿನಲ್ಲೊಂದು ಹಿಡಿ, ಕಟ್ಟೆಯ ಮೇಲೊಂದು ಹಿಡಿ ಅಕ್ಕಿ ಹಾಕಿ, "ಯಾವುದು ಚಲೋ ಅದ ಹೇಳ್ರಿ" ಅಂದರು. ತಾಟಿನದು ಹೊಸ ಧೋತರದ ಹಾಗೆ ಬೆಳ್ಳಗಿತ್ತು, ಕಟ್ಟೆಯ ಮೇಲಿನದು ಮಂಕಾಗಿತ್ತು. ಹಾಗೇ ಹೇಳಿದೆ. ಅವರ ಮಗಳು ಉಮಾಶ್ರೀ ನಕ್ಕುಬಿಟ್ಟಳು: "ಕಾಕಾ, ಎರಡೂ ಒಂದೇ ಚೀಲದ್ದು ರೀ. ಕೆಳಗಿನ ಬಣ್ಣ ನಿಮ್ಮ ಕಣ್ಣಿಗೆ ಟೋಪಿ ಹಾಕ್ತು."

ಗೊತ್ತಾದ ಮೇಲೆ ಮತ್ತೆ ನೋಡಿದೆ ಅಕ್ಕಾ, ಆಗಲೂ ಹಾಗೇ ಕಂಡಿತು. ಅದೇ ನನಗೆ ಹೆದರಿಕೆ. ಕಣ್ಣು ಕಂಡಿದ್ದು ಸುಳ್ಳು, ಬಾಯಿ ಆಡಿದ್ದು ಜೊಳ್ಳು. ಪ್ರಾಸ ಮಾತ್ರ ಇನ್ನೂ ಕೈ ಬಿಟ್ಟಿಲ್ಲ.

ಮಾಲಕರು ನಗಲಿಲ್ಲ. "ನಾಳೆ ಮತ್ತೊಮ್ಮೆ ನೋಡೋಣು" ಅಂದರು, ಅಷ್ಟೇ. ಎರಡನ್ನೂ ಒಂದೇ ಬಣ್ಣದ ಮೇಲೆ ಹಾಕಿದರೆ ಮಾತ್ರ ಬಾಯಿ ಬಿಡುತ್ತೇನೆ ಅಂತ ನಾಳೆ ಹೇಳಬೇಕು ಅಂದುಕೊಂಡಿದ್ದೇನೆ. ಅಷ್ಟಕ್ಕೆ ಇಟ್ಟುಕೊಳ್ಳುತ್ತಾರೋ, ಮನೆಗೆ ಕಳಿಸುತ್ತಾರೋ.

ಊಟ ಸರಿಯಾಗಿ ಆಗುತ್ತಿದೆ. ಸಂಜೆ ಕಣ್ಣಿನ ಡಾಕ್ಟರಿಗೂ ತೋರಿಸಿದೆ. ದೃಷ್ಟಿ ಏನೂ ಕೆಟ್ಟಿಲ್ಲವಂತೆ. ಅದನ್ನು ಕೇಳಿ ಚಿಂತೆ ಇನ್ನೂ ಹೆಚ್ಚಾಯಿತು.

ತಮ್ಮನ ಕೆಲಸ ಪಕ್ಕಾ ಆಯ್ತೆಂದು ಓಣಿಯಲ್ಲಿ ಪೇಢಾ ಹಂಚಬೇಡ. ಹಂಚಿಬಿಟ್ಟಿದ್ದರೆ ನನಗೆ ಹೇಳಬೇಡ.

ಪಂಪಾಪತಿ